ಊರ ನಡುವಿನ ಬಿಸಿನೆಸ್ ಹೋಟೆಲಿನಲ್ಲಿ ಐದು ರಾತ್ರಿ

ಕಚೇರಿಯ ಕೆಲಸದ ನಿಮಿತ್ತ ನಗರದ ವಾಣಿಜ್ಯ ಪ್ರದೇಶದ ನಡುಮಧ್ಯೆ ಇರುವ ಬಿಸಿನೆಸ್ ಹೋಟೆಲೊಂದರಲ್ಲಿ ಐದು ರಾತ್ರಿ ತಂಗಿದ್ದೆ. ಸಭೆಗಳು ನಡೆಯುವ ಕಟ್ಟಡ ಅಲ್ಲಿಂದ ಏಳು ನಿಮಿಷದ ನಡಿಗೆಯಷ್ಟೇ ದೂರದಲ್ಲಿತ್ತು. ಆ ಹೋಟೆಲನ್ನು ಆರಿಸಿಕೊಂಡದ್ದಕ್ಕೆ ಮುಖ್ಯ ಕಾರಣ ಅದೇ. ಕೆಲಸಕ್ಕೆಂದು ಊರೂರು ತಿರುಗುವವರು ಹೋಟೆಲಿನಿಂದ ಬಯಸುವುದು ಬಹಳ ಕಡಿಮೆ. ರಾತ್ರಿ ಕಣ್ಣುತುಂಬ ನಿದ್ದೆ ಬರಬೇಕು, ಬೆಳಿಗ್ಗೆ ಎದ್ದ ಮೇಲೆ ಸಭೆಗೆ ಹೊರಡುವ ತನಕದ ಒಂದೂವರೆ ಗಂಟೆ ಎಲ್ಲಿಯೂ ಮುಗ್ಗರಿಸದೆ ಸಾಗಬೇಕು. ಹಜಾರದ ಅಮೃತಶಿಲೆ, ಹೂದಾನಿ, ತೂಗುದೀಪಗಳನ್ನೆಲ್ಲ ಬದಿಗಿಟ್ಟು, ಈ ಎರಡು ವಿಷಯಗಳಲ್ಲಿ ಆ ಹೋಟೆಲು ನನಗೆ ಎಷ್ಟರಮಟ್ಟಿಗೆ ಒದಗಿಬಂತು ಎಂಬುದನ್ನು ಇಲ್ಲಿ ಬರೆಯುತ್ತಿದ್ದೇನೆ.

ಕಾಯ್ದಿರಿಸುವ ಮೊದಲು ಅಲ್ಲಿ ತಂಗಿ ಬಂದವರು ಬರೆದ ಅನಿಸಿಕೆಗಳನ್ನು ಒಂದು ಸಂಜೆಯಿಡೀ ಕುಳಿತು ಓದಿದ್ದೆ. ಒಟ್ಟು ಅಂಕ ಎಷ್ಟು ಬಂದಿದೆ ಎಂದು ನೋಡುವುದಕ್ಕಿಂತ, ಬೇರೆ ಬೇರೆ ತಿಂಗಳುಗಳಲ್ಲಿ ಬೇರೆ ಬೇರೆ ಜನ ಒಂದೇ ದೂರನ್ನು ಹೇಳಿದ್ದಾರೆಯೇ ಎಂದು ಹುಡುಕುವುದು ನನ್ನ ರೂಢಿ. ಒಬ್ಬರಿಗೆ ಒಂದು ದಿನ ಬಿಸಿನೀರು ಬರಲಿಲ್ಲವೆಂದರೆ ಅದು ಆ ದಿನದ ಅಡಚಣೆ; ಹತ್ತು ಮಂದಿ ವರ್ಷವಿಡೀ ಅದನ್ನೇ ಬರೆದಿದ್ದರೆ ಅದು ಆ ಕಟ್ಟಡದ ಗುಣ. ಇಲ್ಲಿ ಹಾಗೆ ಮರುಕಳಿಸಿದ ಮಾತು ಒಂದೇ: ಜಾಗ ಅನುಕೂಲ, ಸಿಬ್ಬಂದಿ ಒಳ್ಳೆಯವರು, ಕೆಲವು ಕೋಣೆಗಳಲ್ಲಿ ಸದ್ದು. ಸಕುಟುಂಬವಾಗಿ ವಾರಾಂತ್ಯಕ್ಕೆ ಬಂದವರು ಹೋಟೆಲು ಪ್ರಶಾಂತವಾಗಿತ್ತು ಎಂದು ಬರೆದಿದ್ದರೆ, ವಾರದ ನಡುವೆ ಬಂದವರು ಗದ್ದಲವೆಂದು ಬರೆದಿದ್ದರು. ಎರಡೂ ಸತ್ಯವೇ. ಊರ ನಡುವಿನ ಬಿಸಿನೆಸ್ ಹೋಟೆಲುಗಳು ಸಾಮಾನ್ಯವಾಗಿ ಸೋಮವಾರದಿಂದ ಗುರುವಾರದವರೆಗೆ ತುಂಬಿ, ಶುಕ್ರವಾರ ಮಧ್ಯಾಹ್ನದ ಹೊತ್ತಿಗೆ ಬರಿದಾಗುತ್ತವೆ. ಆದ್ದರಿಂದ ಅನಿಸಿಕೆ ಓದುವವರು ಬರೆದವರು ಯಾವ ವಾರದಂದು, ಯಾವ ಕೆಲಸಕ್ಕೆ ಬಂದಿದ್ದರು ಎಂಬುದನ್ನೂ ಗಮನಿಸುವುದು ಒಳ್ಳೆಯದು. ನಕ್ಷತ್ರಗಳ ಲೆಕ್ಕವನ್ನು ನಾನು ಅಷ್ಟಾಗಿ ನೆಚ್ಚುವುದಿಲ್ಲ. ಜಗತ್ತಿಗೆಲ್ಲ ಅನ್ವಯಿಸುವ ಒಂದೇ ನಕ್ಷತ್ರ ಪದ್ಧತಿ ಎಂಬುದು ಇಲ್ಲ. ಯುರೋಪಿನ ಹಲವು ದೇಶಗಳು 2009ರಲ್ಲಿ ಹೋಟೆಲ್‌ಸ್ಟಾರ್ಸ್ ಯೂನಿಯನ್ ಎಂಬ ಒಕ್ಕೂಟ ಕಟ್ಟಿಕೊಂಡು ಸಮಾನ ಮಾನದಂಡ ತಂದಿರುವುದನ್ನು ಬಿಟ್ಟರೆ, ಒಂದೊಂದು ದೇಶದಲ್ಲಿ ಒಂದೊಂದು ಲೆಕ್ಕ. ಹೆಚ್ಚಿನ ಕಡೆ ಆ ಲೆಕ್ಕಕ್ಕೆ ಸಿಗುವುದು ಸೌಲಭ್ಯಗಳ ಪಟ್ಟಿ. ಗೋಡೆ ಎಷ್ಟು ತೆಳುವಾಗಿದೆ ಎಂಬುದು ಮಲಗಿ ನೋಡಿದವರಿಗೆ ಮಾತ್ರ ಗೊತ್ತಾಗುತ್ತದೆ.

ನಾನು ತಲುಪಿದ್ದು ಬೆಳಿಗ್ಗೆ ಹನ್ನೊಂದಕ್ಕೆ, ಕೋಣೆ ಸಿಗುವುದು ಮಧ್ಯಾಹ್ನ ಎರಡಕ್ಕೆ. ಇದಕ್ಕೆ ಸಿಟ್ಟಾಗುವ ಅತಿಥಿಗಳನ್ನು ಬಹಳ ನೋಡಿದ್ದೇನೆ, ಆದರೆ ಹಿಂದಿನ ರಾತ್ರಿ ಉಳಿದವರು ಹನ್ನೆರಡರ ತನಕ ಇರಬಹುದಾದಲ್ಲಿ, ಒಂದು ಕೋಣೆಯನ್ನು ಗುಡಿಸಿ ಒರೆಸಿ ಹಾಸಿಗೆ ಬದಲಿಸಲು ಅರ್ಧ ಗಂಟೆಯಾದರೂ ಬೇಕಾದಲ್ಲಿ, ಒಬ್ಬೊಬ್ಬರ ಪಾಲಿಗೆ ಹತ್ತಾರು ಕೋಣೆ ಬರುವಲ್ಲಿ, ಆ ಎರಡು ಗಂಟೆಯ ಅಂತರ ಅನಿವಾರ್ಯ. ಹೋಟೆಲಿನ ಗುಣ ತಿಳಿಯುವುದು ಆ ಅಂತರದಲ್ಲಿ ಅತಿಥಿಯನ್ನು ಹೇಗೆ ನೋಡಿಕೊಳ್ಳುತ್ತಾರೆ ಎಂಬುದರಿಂದ. ಇಲ್ಲಿ ಪೆಟ್ಟಿಗೆಗೆ ಚೀಟಿ ಕಟ್ಟಿ ಒಳಗಿಟ್ಟರು, ಮುಖ ತೊಳೆದು ಬಟ್ಟೆ ಬದಲಿಸಿಕೊಳ್ಳಲು ವ್ಯಾಯಾಮ ಕೊಠಡಿಯ ಪಕ್ಕದ ಸ್ನಾನದ ಮನೆ ತೋರಿಸಿದರು, ಕೋಣೆ ಸಿದ್ಧವಾದ ಕೂಡಲೇ ಸಂದೇಶ ಕಳುಹಿಸುವುದಾಗಿ ಹೇಳಿ ಒಂದು ಗಂಟೆ ಹತ್ತು ನಿಮಿಷಕ್ಕೇ ಕಳುಹಿಸಿದರು. ಕೀ ಕಾರ್ಡ್ ಕೊಡುವಾಗ ರಿಸೆಪ್ಷನ್‌ನಲ್ಲಿದ್ದ ಹುಡುಗಿ ಕೋಣೆಯ ಸಂಖ್ಯೆಯನ್ನು ಬಾಯಿಬಿಟ್ಟು ಹೇಳಲಿಲ್ಲ. ಕಾರ್ಡಿನ ಕಾಗದದ ಚೀಲದ ಮೇಲೆ ಬರೆದು, ನನ್ನ ಕಡೆಗೆ ತಿರುಗಿಸಿ, ಬೆರಳಿನಿಂದ ತೋರಿಸಿದಳು. ಹಿಂದೆ ಸಾಲಿನಲ್ಲಿ ನಾಲ್ಕು ಜನ ನಿಂತಿದ್ದರು. ಒಬ್ಬಳೇ ಪ್ರಯಾಣ ಮಾಡುವ ನನ್ನಂಥವಳಿಗೆ ಆ ಬೆರಳಿನ ಸನ್ನೆ ಯಾವ ಸ್ವಾಗತ ಪಾನೀಯಕ್ಕಿಂತಲೂ ದೊಡ್ಡದು.

ತೊಡಕು ಶುರುವಾದದ್ದು ರಾತ್ರಿ. ನನಗೆ ಕೊಟ್ಟಿದ್ದು ನಾಲ್ಕನೆಯ ಮಹಡಿಯಲ್ಲಿ, ಲಿಫ್ಟಿಗೆ ಅಂಟಿಕೊಂಡಂತಿದ್ದ ಕೋಣೆ. ಹತ್ತೂವರೆಗೆ ದೀಪವಾರಿಸಿ ಮಲಗಿದೆ. ಲಿಫ್ಟ್ ಕೆಳಗಿನಿಂದ ಹೊರಟಾಗ ಮೊದಲು ತಲೆದಿಂಬಿನ ಹಿಂದಿನ ಗೋಡೆಯೊಳಗೆ ಗುಂಯ್ಯೆನ್ನುವ ಕಂಪನ, ಆಮೇಲೆ ಗಂಟೆಯ ಸದ್ದು, ಬಾಗಿಲು ಸರಿಯುವ ಸದ್ದು, ಪೆಟ್ಟಿಗೆಯ ಗಾಲಿಗಳು ಕಾರಿಡಾರಿನ ಕಲ್ಲುಹಾಸಿನ ಮೇಲೆ ಕಟಕಟನೆ ಉರುಳುವ ಸದ್ದು. ಕೋಣೆಯ ಬಾಗಿಲಿಗೂ ನೆಲಕ್ಕೂ ನಡುವೆ ಒಂದು ಬೆರಳಿನಷ್ಟು ಸಂದಿ. ಅಲ್ಲಿಂದ ಬೆಳಕಿನ ಗೆರೆಯೊಂದು ಹಾಸಿಗೆಯ ಬುಡದ ತನಕ ಚಾಚಿಕೊಂಡಿತ್ತು. ಬೆಳಕು ನುಸುಳುವ ಸಂದಿಯಲ್ಲಿ ಮಾತೂ ನುಸುಳುತ್ತದೆ. ಹೊರಗೆ ಇಬ್ಬರು ಮರುದಿನದ ರೈಲಿನ ಬಗ್ಗೆ ಮಾತಾಡಿಕೊಂಡದ್ದು ನನಗೆ ಅಕ್ಷರಶಃ ಕೇಳಿಸಿತು.

ನಿದ್ದೆಗೆ ಅಡ್ಡಿಯಾಗದಿರಬೇಕಾದರೆ ಮಲಗುವ ಕೋಣೆಯಲ್ಲಿ ಸತತವಾಗಿರುವ ಸದ್ದು 30 ಡೆಸಿಬೆಲ್ ಮೀರಬಾರದು, ಆಗೊಮ್ಮೆ ಈಗೊಮ್ಮೆ ಕೇಳುವ ಬಿಡಿ ಸದ್ದುಗಳು 45 ಡೆಸಿಬೆಲ್ ಮೀರಬಾರದು ಎಂದು ವಿಶ್ವ ಆರೋಗ್ಯ ಸಂಸ್ಥೆ 1999ರಲ್ಲೇ ಹೇಳಿದೆ. ನನ್ನ ಬಳಿ ಅಳೆಯುವ ಉಪಕರಣವೇನೂ ಇರಲಿಲ್ಲ, ಆದರೆ ಆ ಗಂಟೆಯ ಸದ್ದಿಗೆ ಪ್ರತಿ ಸಲವೂ ಎಚ್ಚರವಾಗುತ್ತಿತ್ತು. ಹೊಸ ಜಾಗದ ಮೊದಲ ರಾತ್ರಿ ಸದ್ದಿಲ್ಲದಿದ್ದರೂ ನಿದ್ದೆ ತೆಳುವಾಗಿಯೇ ಇರುತ್ತದೆ ಎಂಬುದನ್ನೂ ಇಲ್ಲಿ ಹೇಳಬೇಕು. ಅಮೆರಿಕದ ಬ್ರೌನ್ ವಿಶ್ವವಿದ್ಯಾಲಯದ ಸಂಶೋಧಕರು 2016ರಲ್ಲಿ ಪ್ರಕಟಿಸಿದ ಅಧ್ಯಯನವೊಂದರ ಪ್ರಕಾರ, ಅಪರಿಚಿತ ಜಾಗದಲ್ಲಿ ಮೊದಲ ರಾತ್ರಿ ಗಾಢನಿದ್ದೆಯ ಹೊತ್ತಿನಲ್ಲೂ ಮಿದುಳಿನ ಎಡಭಾಗ ಬಲಭಾಗಕ್ಕಿಂತ ಹೆಚ್ಚು ಎಚ್ಚರವಾಗಿದ್ದು, ಅಪರಿಚಿತ ಸದ್ದುಗಳಿಗೆ ಕಿವಿಗೊಟ್ಟು ಕಾವಲು ಕಾಯುತ್ತಿರುತ್ತದೆ. ಒಂದೇ ರಾತ್ರಿಗೆಂದು ಬರುವ ಅತಿಥಿಗಳೇ ಹೆಚ್ಚಿರುವ ಬಿಸಿನೆಸ್ ಹೋಟೆಲಿನಲ್ಲಿ ಬಹುತೇಕ ಎಲ್ಲರ ನಿದ್ದೆಯೂ ಇಂಥ ಮೊದಲ ರಾತ್ರಿಯ ನಿದ್ದೆಯೇ. ಅಲ್ಲಿ ನಿಶ್ಶಬ್ದಕ್ಕೆ ಉಳಿದ ಕಡೆಗಳಿಗಿಂತ ಹೆಚ್ಚು ಬೆಲೆ ಕೊಡಬೇಕಾಗಿತ್ತು.

ಹನ್ನೆರಡು ಹೊಡೆದ ಮೇಲೆ ತಡೆಯಲಾರದೆ ಕೆಳಗೆ ಫೋನ್ ಮಾಡಿದೆ. ಕಿವಿಗೆ ಹತ್ತಿ ಕಳುಹಿಸುತ್ತಾರೆ ಎಂದುಕೊಂಡಿದ್ದೆ. ಹತ್ತು ನಿಮಿಷದೊಳಗೆ ನೈಟ್ ಮ್ಯಾನೇಜರ್ ತಾವೇ ಬಂದರು, ಜೊತೆಯಲ್ಲಿ ರಿಸೆಪ್ಷನ್‌ನ ಮಹಿಳಾ ಸಹೋದ್ಯೋಗಿಯೊಬ್ಬರನ್ನು ಕರೆದುಕೊಂಡು ಬಂದಿದ್ದರು. ಬಾಗಿಲಾಚೆಯೇ ನಿಂತು, ಒಳಗೆ ಬರಬಹುದೇ ಎಂದು ಕೇಳಿ, ಒಪ್ಪಿದ ಮೇಲೆ ಬಂದು, ತಲೆದಿಂಬಿನ ಮೇಲ್ಭಾಗದ ಗೋಡೆಗೆ ಅಂಗೈಯಿಟ್ಟು ಸುಮ್ಮನೆ ನಿಂತರು. ಲಿಫ್ಟ್ ಬರುವ ತನಕ ಕಾದರು. ಅದು ಹಾದುಹೋದ ಮೇಲೆ ಕೈ ತೆಗೆದು, “ನಿಜ ಮೇಡಂ, ಗೋಡೆ ನಡುಗುತ್ತಿದೆ. ಈ ಹೊತ್ತಿನಲ್ಲಿ ನಿಮಗೆ ತೊಂದರೆಯಾಯಿತು, ಕ್ಷಮಿಸಿ. ಆರನೇ ಮಹಡಿಯಲ್ಲಿ ಹಿಂಬದಿಯ ಕೋಣೆ ಖಾಲಿಯಿದೆ, ಕಾರ್ಡ್ ತಂದಿದ್ದೇನೆ” ಎಂದರು. ಕಾರ್ಡ್ ಅವರ ಜೇಬಿನಲ್ಲೇ ಇತ್ತು. ಸದ್ದು ಇದೆಯೋ ಇಲ್ಲವೋ ಎಂದು ನನ್ನೊಡನೆ ವಾದಕ್ಕಿಳಿಯಲಿಲ್ಲ, ಬೇರೆ ಅತಿಥಿಗಳು ಯಾರೂ ದೂರು ಕೊಟ್ಟಿಲ್ಲ ಎಂಬ ಮಾತೂ ಬರಲಿಲ್ಲ. ಹನ್ನೆರಡೂ ಮುಕ್ಕಾಲಿಗೆ ನಾನು ಹೊಸ ಕೋಣೆಯಲ್ಲಿ ಮಲಗಿದ್ದೆ. ಇಷ್ಟು ವರ್ಷಗಳ ಪ್ರಯಾಣದಲ್ಲಿ ದೂರೊಂದನ್ನು ಹೀಗೆ ಅಂಗೈಯಿಂದ ಪರೀಕ್ಷಿಸಿದವರನ್ನು ನಾನು ನೋಡಿರಲಿಲ್ಲ.

ಆದರೂ ಆಕ್ಷೇಪ ಆಕ್ಷೇಪವೇ. ಗೋಡೆ ನಡುಗುವುದು ಅವರಿಗೆ ಆ ರಾತ್ರಿ ಹೊಸದಾಗಿ ತಿಳಿದದ್ದಲ್ಲ. ಹಿಂದಿನ ಅತಿಥಿಗಳು ಅದನ್ನೇ ಬರೆದಿದ್ದಾರೆ. ಬಾಗಿಲಿನ ಕೆಳಗೆ ರಬ್ಬರ್ ಪಟ್ಟಿ ಹಾಕಿಸುವುದು ಒಬ್ಬ ಬಡಗಿಯ ಅರ್ಧ ದಿನದ ಕೆಲಸ, ಲಿಫ್ಟಿನ ಗೋಡೆಗೆ ತಾಗಿದ ಹಾಸಿಗೆಯನ್ನು ಎದುರಿನ ಗೋಡೆಗೆ ಸರಿಸುವುದು ಇಬ್ಬರ ಕೆಲಸ. ಅಷ್ಟನ್ನು ಮಾಡದೆ ಆ ಕೋಣೆಯನ್ನು ಪೂರ್ತಿ ದರಕ್ಕೆ ಕೊಡುವುದು ಸರಿಯಲ್ಲ. ಈ ಮಾತನ್ನು ಹೊರಡುವ ಮುನ್ನ ಬರೆದೂ ಕೊಟ್ಟೆ.

ಆರನೇ ಮಹಡಿಯ ಕೋಣೆಯ ಬಗ್ಗೆ ನನಗೆ ಒಳ್ಳೆಯ ಮಾತುಗಳೇ ಇವೆ. ಮೇಜು ನಿಜವಾಗಿಯೂ ಕೆಲಸ ಮಾಡಬಲ್ಲ ಮೇಜು. ಲ್ಯಾಪ್‌ಟಾಪ್ ಇಟ್ಟ ಮೇಲೂ ಕಾಗದ ಹರಡಲು ಜಾಗ ಉಳಿಯುತ್ತಿತ್ತು. ಕುರ್ಚಿಯ ಎತ್ತರ ಏರಿಸಿ ಇಳಿಸಬಹುದಿತ್ತು. ಪ್ಲಗ್ ಪಾಯಿಂಟ್‌ಗಳು ಹಾಸಿಗೆಯ ಎರಡೂ ಬದಿಗೆ, ಕೈಗೆಟುಕುವ ಎತ್ತರದಲ್ಲಿದ್ದವು. ಕೋಣೆಯ ದೀಪಗಳನ್ನೆಲ್ಲ ಒಟ್ಟಿಗೆ ಆರಿಸುವ ಒಂದು ಸ್ವಿಚ್ಚು ತಲೆದಿಂಬಿನ ಬಳಿಯೇ ಇತ್ತು. ಬಾಗಿಲ ಬಳಿಯ ಕಿಂಡಿಯಲ್ಲಿ ಕೀ ಕಾರ್ಡ್ ಸಿಕ್ಕಿಸಿದರೆ ಮಾತ್ರ ಕೋಣೆಗೆ ವಿದ್ಯುತ್ ಬರುವ ವ್ಯವಸ್ಥೆ ಇಲ್ಲಿಯೂ ಇದೆ. ವಿದ್ಯುತ್ ಉಳಿಸಲು ಅದು ಬೇಕು, ಆದರೆ ಊಟಕ್ಕೆ ಹೋಗಿ ಬರುವಷ್ಟರಲ್ಲಿ ಲ್ಯಾಪ್‌ಟಾಪ್ ಚಾರ್ಜ್ ಆಗಿರಬೇಕು ಎನ್ನುವವರಿಗೆ ತೊಂದರೆ. ಕೋಣೆ ಸ್ವಚ್ಛ ಮಾಡುವ ಅಮ್ಮ ಅದಕ್ಕೊಂದು ದಾರಿ ತೋರಿಸಿದರು: ಚಿಕ್ಕ ಫ್ರಿಜ್ಜಿನ ಹಿಂದಿನ ಪಾಯಿಂಟು ಕಾರ್ಡ್ ತೆಗೆದರೂ ನಿಲ್ಲುವುದಿಲ್ಲ. ಕಿಟಕಿಯ ಎರಡು ಪರದೆಗಳ ನಡುವೆ ಬೀದಿದೀಪ ಇಣುಕುತ್ತಿತ್ತು. ಬಟ್ಟೆಯ ಕಪಾಟಿನಲ್ಲಿದ್ದ, ಪ್ಯಾಂಟು ನೇತುಹಾಕುವ ಕ್ಲಿಪ್ಪಿನ ಹ್ಯಾಂಗರಿನಿಂದ ಆ ಎರಡು ಅಂಚುಗಳನ್ನು ಕಚ್ಚಿಸಿದೆ, ಕೋಣೆ ಕತ್ತಲಾಯಿತು. ಯಾವ ಹೋಟೆಲಿಗೆ ಹೋದರೂ ನಾನು ಮೊದಲು ಹುಡುಕುವುದು ಆ ಹ್ಯಾಂಗರನ್ನೇ.

ಕಾರ್ಡಿನ ಬೀಗದ ಬಗ್ಗೆ ಒಂದು ಮಾತು. ಕೋಣೆ ಬದಲಾದ ಮೇಲೆ ಹಳೆಯ ಕಾರ್ಡನ್ನು ಮರಳಿಸಲು ಮರೆತಿದ್ದೆ, ಅದರಿಂದ ಯಾರಾದರೂ ಬಾಗಿಲು ತೆರೆದಾರೇ ಎಂಬ ಅಳುಕಿತ್ತು. ಹಿಂದೆ ಲೋಹದ ಕೀಲಿ ಕಳೆದರೆ ಬೀಗವನ್ನೇ ಬದಲಿಸಬೇಕಿತ್ತು. ನಾರ್ವೆಯ ಟಾರ್ ಸಾರ್ನೆಸ್ ಎಂಬಾತ 1970ರ ದಶಕದಲ್ಲಿ ಸಂಕೇತ ಬದಲಿಸಬಹುದಾದ ಕಾರ್ಡ್ ಬೀಗವನ್ನು ರೂಪಿಸಿದ ಮೇಲೆ ಆ ಕಷ್ಟ ಹೋಯಿತು. ಮುಂದಿನ ಅತಿಥಿಯ ಹೊಸ ಕಾರ್ಡನ್ನು ಬೀಗಕ್ಕೆ ತೋರಿಸಿದ ಕ್ಷಣದಿಂದ ಹಳೆಯದು ಕೆಲಸಕ್ಕೆ ಬಾರದು.

ವೈ-ಫೈ ಹಗಲಿನಲ್ಲಿ ಚೆನ್ನಾಗಿತ್ತು. ರಾತ್ರಿ ಒಂಬತ್ತರ ನಂತರ, ಎಲ್ಲರೂ ಕೋಣೆಗೆ ಮರಳಿ ಒಟ್ಟಿಗೆ ಕುಳಿತಾಗ, ವಿಡಿಯೋ ಕರೆ ಎರಡು ಸಲ ಕಡಿದುಹೋಯಿತು. ಪ್ರಸಾರದ ಪೆಟ್ಟಿಗೆ ಇರುವುದು ಕಾರಿಡಾರಿನಲ್ಲಿ, ನನ್ನ ಮೇಜು ಇರುವುದು ಕಿಟಕಿಯ ಪಕ್ಕದಲ್ಲಿ. ನಡುವೆ ಸ್ನಾನಗೃಹದ ಗೋಡೆ. ವೇಗವಾಗಿರುವ 5 ಗಿಗಾಹರ್ಟ್ಸ್ ಅಲೆ ಗೋಡೆ ದಾಟುವಾಗ ಬೇಗ ಸೊರಗುತ್ತದೆ, ದೂರ ತಲುಪುವ 2.4 ಗಿಗಾಹರ್ಟ್ಸ್ ಅಲೆಯಲ್ಲಿ ಕಟ್ಟಡದ ಎಲ್ಲ ಸಾಧನಗಳೂ ಸೇರಿ ದಟ್ಟಣೆ. ಮೇಜಿನ ಕೆಳಗೆ ತಂತಿಯ ಸಂಪರ್ಕಕ್ಕೆ ಒಂದು ಕಿಂಡಿ ಇರುವುದನ್ನು ಕಂಡು ಕೇಳಿದಾಗ ಕೇಬಲ್ ತಂದುಕೊಟ್ಟರು, ಅಲ್ಲಿಂದಾಚೆಗೆ ಕರೆ ಕಡಿಯಲಿಲ್ಲ. ಆ ಕೇಬಲ್ ಮೇಜಿನ ಖಾನೆಯಲ್ಲೇ ಇರಬೇಕಾಗಿತ್ತು.

ಸ್ನಾನಗೃಹದಲ್ಲಿ ನಿಂತಾಗ ಪಕ್ಕದ ಕೋಣೆಯ ನೀರಿನ ಸದ್ದು ಸಣ್ಣಗೆ ಕೇಳಿಸುತ್ತಿತ್ತು. ಅದರ ಮೂಲ ಬಹಳ ಹಳೆಯದು. ಅಮೆರಿಕದ ಬಫಲೋ ನಗರದಲ್ಲಿ ಎಲ್ಸ್‌ವರ್ತ್ ಸ್ಟಾಟ್ಲರ್ 1908ರಲ್ಲಿ ತೆರೆದ ಹೋಟೆಲು, ಸಾಧಾರಣ ದರ ಕೊಡುವ ವ್ಯಾಪಾರಿಗಳಿಗೂ ಕೋಣೆಗೊಂದು ಸ್ನಾನಗೃಹ ಒದಗಿಸಿ ಹೆಸರಾಯಿತು. ಎರಡೆರಡು ಕೋಣೆಗಳ ಸ್ನಾನಗೃಹಗಳನ್ನು ಬೆನ್ನಿಗೆ ಬೆನ್ನು ತಾಗಿಸಿ ಕಟ್ಟಿ, ನಡುವೆ ಮೇಲಿನಿಂದ ಕೆಳಗಿನ ತನಕ ಒಂದೇ ಕೊಳವೆಯ ಕಂಡಿ ಬಿಟ್ಟದ್ದರಿಂದ ಖರ್ಚು ಇಳಿಯಿತು. ಇಂದಿನ ಬಿಸಿನೆಸ್ ಹೋಟೆಲುಗಳ ನಕ್ಷೆಯಲ್ಲಿ ಆ ಜೋಡಣೆಯೇ ಮುಂದುವರಿದಿದೆ, ನೆರೆಯವರ ನೀರು ನಮಗೆ ಕೇಳಿಸುವುದೂ ಅದರಿಂದಲೇ. ಇಲ್ಲಿ ನಲ್ಲಿ ತಿರುಗಿಸಿ ಹತ್ತು ಎಣಿಸುವಷ್ಟರಲ್ಲಿ ಬಿಸಿನೀರು ಬರುತ್ತಿತ್ತು. ಎಂದರೆ ಬಿಸಿನೀರು ಕೊಳವೆಯಲ್ಲಿ ಸದಾ ಸುತ್ತುತ್ತಿರುವ ಏರ್ಪಾಡು ಸರಿಯಾಗಿ ನಡೆಯುತ್ತಿದೆ. ಇದು ಬರೀ ಸುಖದ ಮಾತಲ್ಲ. 1976ರಲ್ಲಿ ಫಿಲಡೆಲ್ಫಿಯಾದ ಹೋಟೆಲೊಂದರಲ್ಲಿ ಸಮಾವೇಶಕ್ಕೆ ಸೇರಿದ್ದವರನ್ನು ಬಲಿತೆಗೆದುಕೊಂಡ ನ್ಯುಮೋನಿಯಾದ ಕಾರಣ ಹುಡುಕುವಾಗಲೇ ಲೀಜನೆಲ್ಲಾ ಎಂಬ ಬ್ಯಾಕ್ಟೀರಿಯಾ ಪತ್ತೆಯಾದದ್ದು. ಉಗುರುಬೆಚ್ಚಗೆ ನಿಂತ ನೀರಿನಲ್ಲಿ ಅದು ಬೆಳೆಯುತ್ತದೆ. ಆದ್ದರಿಂದಲೇ ಬಿಸಿನೀರನ್ನು 60 ಡಿಗ್ರಿ ಸೆಲ್ಸಿಯಸ್ ಆಸುಪಾಸಿನಲ್ಲಿ ಸಂಗ್ರಹಿಸಿಡಬೇಕೆಂಬ ನಿಯಮ. ಬಹುದಿನ ಖಾಲಿಯಿದ್ದ ಕೋಣೆ ಸಿಕ್ಕಿತೆನಿಸಿದರೆ ಷವರನ್ನು ಎರಡು ಮೂರು ನಿಮಿಷ ಹರಿಯಲು ಬಿಟ್ಟು, ಆ ಹೊತ್ತು ಹೊರಗೆ ನಿಲ್ಲುವುದು ಕ್ಷೇಮ. ಇಲ್ಲಿಯ ದೋಷವೆಂದರೆ ಷವರಿನ ಗಾಜು ಅರ್ಧಕ್ಕೇ ನಿಂತಿದೆ. ಸ್ನಾನವಾದ ಮೇಲೆ ಇಡೀ ನೆಲ ಒದ್ದೆ. ಒಣ ಬಟ್ಟೆ ನೇತುಹಾಕಲು ಒಂದು ಕೊಕ್ಕೆಯೂ ಇಲ್ಲ.

ಕೋಣೆ ಸ್ವಚ್ಛಗೊಳಿಸುವವರ ಕೆಲಸವನ್ನು ಹೊಗಳದೆ ಮುಂದೆ ಹೋಗಲಾರೆ. ಎರಡನೆಯ ದಿನ ಸಂಜೆ ಮರಳಿದಾಗ, ನಾನು ಗೋಜಲಾಗಿ ಬಿಟ್ಟುಹೋಗಿದ್ದ ಚಾರ್ಜರಿನ ತಂತಿಯನ್ನು ಸುರುಳಿ ಸುತ್ತಿ, ಮೇಜಿನ ಮೂಲೆಯಲ್ಲಿ ಇಟ್ಟಿದ್ದರು. ಅದರ ಪಕ್ಕದಲ್ಲಿದ್ದ ನನ್ನ ಟಿಪ್ಪಣಿಯ ಹಾಳೆಗಳು ಮಾತ್ರ ನಾನು ಇಟ್ಟ ಕ್ರಮದಲ್ಲೇ, ತೆರೆದ ಪುಟದಲ್ಲೇ ಇದ್ದವು. ಏನನ್ನು ಮುಟ್ಟಬೇಕು, ಏನನ್ನು ಮುಟ್ಟಬಾರದು ಎಂಬ ವಿವೇಕವನ್ನು ಯಾವ ತರಬೇತಿ ಪುಸ್ತಕವೂ ಪೂರ್ತಿಯಾಗಿ ಕಲಿಸಲಾರದು. ಟವೆಲಿನ ವಿಷಯದಲ್ಲಿ ಮಾತ್ರ ಮಾತಿಗೂ ಕೃತಿಗೂ ಹೊಂದಿಕೆಯಿಲ್ಲ. ಮತ್ತೆ ಬಳಸುವುದಾದರೆ ನೇತುಹಾಕಿ, ನೀರು ಉಳಿಸಿ ಎಂದು ಬರೆದ ಕಾರ್ಡ್ ಇತ್ತು; ನೇತುಹಾಕಿದೆ, ಆದರೂ ಮೂರು ದಿನ ಬದಲಿಸಿದರು. 2008ರಲ್ಲಿ ಪ್ರಕಟವಾದ ಅಮೆರಿಕದ ಸಂಶೋಧನೆಯೊಂದರಲ್ಲಿ, ಪರಿಸರ ಉಳಿಸಿ ಎಂದಷ್ಟೇ ಬರೆದ ಕಾರ್ಡಿಗಿಂತ, ಇತರ ಅತಿಥಿಗಳಲ್ಲಿ ಹೆಚ್ಚಿನವರು ಟವೆಲನ್ನು ಮತ್ತೆ ಬಳಸುತ್ತಾರೆ ಎಂದು ಬರೆದ ಕಾರ್ಡಿಗೆ ಹೆಚ್ಚು ಜನ ಓಗೊಟ್ಟದ್ದು ಕಂಡುಬಂದಿತ್ತು. ಅತಿಥಿ ಓಗೊಟ್ಟ ಮೇಲೆ ಹೋಟೆಲೂ ತನ್ನ ಮಾತಿಗೆ ನಿಲ್ಲಬೇಕು.

ಬೆಳಗಿನ ಉಪಾಹಾರ ಆರೂವರೆಗೆ ತೆರೆಯುತ್ತದೆ. ಎಂಟಕ್ಕೆ ಹೋದವರು ಕಾಫಿ ಯಂತ್ರದ ಮುಂದೆಯೇ ಕಾಲು ಗಂಟೆ ಕಳೆಯುತ್ತಾರೆ, ಏಳಕ್ಕೆ ಹೋದವರಿಗೆ ಕಿಟಕಿಯ ಪಕ್ಕದ ಒಂಟಿ ಮೇಜು ಸಿಗುತ್ತದೆ. ಕೊನೆಯ ದಿನ ಐದೂಮುಕ್ಕಾಲಿಗೆ ಹೊರಡಬೇಕಿದ್ದಾಗ ಹಿಂದಿನ ರಾತ್ರಿಯೇ ಕೇಳಿ ಪೊಟ್ಟಣ ಕಟ್ಟಿಕೊಟ್ಟರು.

ಬೆಳಗಿನ ದೊಡ್ಡ ತೊಡಕು ಲಿಫ್ಟು. ಇರುವ ಮೂರರಲ್ಲಿ ಒಂದನ್ನು ಎಂಟು ಗಂಟೆಯ ಹೊತ್ತಿಗೆ ಬಟ್ಟೆಯ ಗಾಡಿಗಳಿಗೆ ಬಿಟ್ಟುಕೊಡುವುದರಿಂದ, ಆರನೇ ಮಹಡಿಯಲ್ಲಿ ನಿಂತವರು ತುಂಬಿದ ಲಿಫ್ಟುಗಳು ಹಾದುಹೋಗುವುದನ್ನು ನೋಡುತ್ತ ಏಳೆಂಟು ನಿಮಿಷ ಕಾಯಬೇಕು. ಅತಿಥಿಗಳು ಹೊರಡುವ ಹೊತ್ತಿಗೇ ಗಾಡಿಗಳು ಓಡಾಡುವ ಅಗತ್ಯ ನನಗೆ ಕಾಣಲಿಲ್ಲ. ಎರಡನೆಯ ದಿನದಿಂದ ಮೆಟ್ಟಿಲಿಳಿದೆ. ದಾರಿ ನನಗೆ ಮೊದಲೇ ಗೊತ್ತಿತ್ತು, ಏಕೆಂದರೆ ಕೋಣೆಗೆ ಹೋದ ಕೂಡಲೇ ಬಾಗಿಲ ಹಿಂದಿನ ನಕ್ಷೆ ನೋಡಿ, ತುರ್ತು ಮೆಟ್ಟಿಲಿನ ತನಕ ನಡೆದು, ನಡುವೆ ಎಷ್ಟು ಬಾಗಿಲುಗಳಿವೆ ಎಂದು ಎಣಿಸಿಕೊಂಡು ಬರುತ್ತೇನೆ. ಬೆಂಕಿ ಬಿದ್ದಾಗ ಲಿಫ್ಟ್ ಬಳಸುವಂತಿಲ್ಲ, ಹೊಗೆಯಲ್ಲಿ ಕಣ್ಣು ಕಾಣುವುದಿಲ್ಲ; ಗೋಡೆ ಸವರುತ್ತ ಹೋಗುವಾಗ ಆ ಎಣಿಕೆಯೊಂದೇ ದಾರಿ. ಹೀಗೆ ಇಳಿಯುವಾಗ ಎರಡನೆಯ ಮಹಡಿಯ ಮೆಟ್ಟಿಲ ಬಾಗಿಲಿಗೆ ಅಡ್ಡವಾಗಿ ಎರಡು ಬಟ್ಟೆಯ ಗಾಡಿಗಳು ನಿಂತಿರುವುದನ್ನು ಕಂಡೆ. ಸದ್ದು, ಟವೆಲು, ಕೊಕ್ಕೆ ಇವೆಲ್ಲ ಸಣ್ಣ ಕೊರತೆಗಳು; ಇದು ಹಾಗಲ್ಲ. ಕೆಳಗೆ ಹೋಗಿ ಖಡಾಖಂಡಿತವಾಗಿ ಹೇಳಿದೆ. ಸಂಜೆ ನೋಡಿದಾಗ ಗಾಡಿಗಳಿರಲಿಲ್ಲ, ಮರುದಿನವೂ ಇರಲಿಲ್ಲ. ಅತಿಥಿ ಹೇಳುವ ತನಕ ಅವು ಅಲ್ಲಿದ್ದವು ಎಂಬುದನ್ನು ಮಾತ್ರ ಮರೆಯಲಾರೆ.

ಬಿಲ್ಲಿನಲ್ಲಿ ಬೇರೆ ಯಾವುದೋ ಕೋಣೆಯ ಬಟ್ಟೆ ಒಗೆತದ ಲೆಕ್ಕ ಸೇರಿತ್ತು. ತೋರಿಸಿದ ಕೂಡಲೇ ತೆಗೆದರು. ಹಿಂದಿನ ರಾತ್ರಿಯೇ ಬಿಲ್ಲಿನ ಕರಡು ಕೇಳಿ ಪಡೆದಿದ್ದರಿಂದ ಬೆಳಗಿನ ಜಾವದಲ್ಲಿ ಗಡಿಬಿಡಿಯಾಗಲಿಲ್ಲ. ನನಗೆ ಬೇಸರ ತಂದದ್ದು ಇನ್ನೊಂದು ವಿಷಯ. ಬಂದ ದಿನ ನನ್ನ ಬ್ಯಾಂಕ್ ಕಾರ್ಡಿನ ಮೇಲೆ ಮುಂಗಡವಾಗಿ ಒಂದು ಮೊತ್ತವನ್ನು ತಡೆಹಿಡಿದಿದ್ದರು. ಮುಂದೆ ಆಗಬಹುದಾದ ಖರ್ಚಿನ ಭದ್ರತೆಗೆಂದು ಹೋಟೆಲುಗಳು ಹೀಗೆ ಮಾಡುವುದು ವಾಡಿಕೆ. ಹಣ ಖಾತೆಯಿಂದ ಹೋಗಿರುವುದಿಲ್ಲ, ಆದರೆ ಬ್ಯಾಂಕು ಬಿಡುಗಡೆ ಮಾಡುವ ತನಕ ನಾವು ಅದನ್ನು ಬಳಸುವಂತಿಲ್ಲ. ಡೆಬಿಟ್ ಕಾರ್ಡ್ ಕೊಟ್ಟವರಿಗೆ ಇದರ ಬಿಸಿ ಹೆಚ್ಚು, ಏಕೆಂದರೆ ಸಿಕ್ಕಿಕೊಳ್ಳುವುದು ಅವರ ಸ್ವಂತ ಹಣ. ಎಷ್ಟು ಮೊತ್ತ, ಎಷ್ಟು ದಿನ ಎಂದು ಮೊದಲೇ ಹೇಳುವುದು ಅರ್ಧ ನಿಮಿಷದ ಕೆಲಸ. ಕೋಣೆಯ ಸಂಖ್ಯೆಯನ್ನು ಅಷ್ಟು ಜಾಗ್ರತೆಯಿಂದ ತೋರಿಸಿದ ಕಟ್ಟೆಯಲ್ಲೇ ಈ ಮಾತನ್ನು ಯಾರೂ ಹೇಳಲಿಲ್ಲ. ಹೊರಟು ಆರು ದಿನಗಳಾದ ಮೇಲೆ ಮೊತ್ತ ಬಿಡುಗಡೆಯಾಯಿತು.

ಮುಂದಿನ ತಿಂಗಳು ಅದೇ ಕೆಲಸಕ್ಕೆ ಮತ್ತೆ ಎರಡು ರಾತ್ರಿ ಹೋಗಬೇಕಾಗಿದೆ, ಅದೇ ಹೋಟೆಲಿನಲ್ಲಿ ಕಾಯ್ದಿರಿಸಿದ್ದೇನೆ. ಆರನೇ ಮಹಡಿ, ಹಿಂಬದಿ, ಕಾರಿಡಾರಿನ ಕೊನೆ ಎಂದು ಬರೆಸಿದ್ದೇನೆ. ನಾಲ್ಕನೆಯ ಮಹಡಿಯ ಆ ಕೋಣೆಯನ್ನು ಈಗಲೂ ಅತಿಥಿಗಳಿಗೆ ಕೊಡುತ್ತಿದ್ದೀರಾ ಎಂದು ಕೇಳಿದ್ದಕ್ಕೆ, ಬಾಗಿಲಿಗೆ ರಬ್ಬರ್ ಪಟ್ಟಿ ಹಾಕಿಸಿದ್ದೇವೆ, ಹಾಸಿಗೆಯನ್ನು ಎದುರು ಗೋಡೆಗೆ ಸರಿಸಿದ್ದೇವೆ, ಬಂದಾಗ ಒಮ್ಮೆ ನೋಡಿ ಹೇಳಿ ಮೇಡಂ ಎಂಬ ಉತ್ತರ ಬಂದಿದೆ.